ಮೇಜಿನ ಮೇಲಿನ ಹಳೆಯ ಕಂಪ್ಯೂಟರ್: ಉಳಿಸಿಕೊಳ್ಳೋಣವೇ, ಬದಲಿಸೋಣವೇ?

ಅಡಿಕೆ ಕೊಯ್ಲು ಮುಗಿದು ಮಂಡಿಯ ದುಡ್ಡು ಕೈಸೇರುವ ಹೊತ್ತಿಗೆ ಶಿವನಿ ಹೋಬಳಿಯ ಮನೆಗಳಲ್ಲಿ ವರ್ಷವಿಡೀ ಮುಂದೂಡಿದ ಖರ್ಚುಗಳೆಲ್ಲ ಒಟ್ಟಿಗೆ ಎದುರು ನಿಲ್ಲುತ್ತವೆ. ಬೋರಿಗೆ ಹೊಸ ಮೋಟಾರು, ಕೊಟ್ಟಿಗೆಗೆ ಶೀಟು, ಮಕ್ಕಳ ಕಾಲೇಜು ಫೀಸು. ಈಚೆಗೆ ಅವುಗಳ ಸಾಲಿಗೆ ಇನ್ನೊಂದು ಮಾತು ಸೇರಿಕೊಂಡಿದೆ: "ಆ ಕಂಪ್ಯೂಟ್ರು ಯಾಕೋ ಕೂತುಬಿಟ್ಟಿದೆ, ಹೊಸದೇ ತಗೊಂಡುಬಿಡೋದಾ?" ಮೊದಲು ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರಕ್ಕೆ ಸೇರಿರುವ ಈ ಊರಿನಲ್ಲಿ ಕಂಪ್ಯೂಟರ್ ಈಗ ಅಪರೂಪದ ವಸ್ತುವಲ್ಲ. ಸೇವಾ ಕೇಂದ್ರ, ಝೆರಾಕ್ಸ್ ಅಂಗಡಿ, ಸೊಸೈಟಿ, ಶಾಲೆ, ಗೊಬ್ಬರದ ಅಂಗಡಿ, ಬಿ.ಇ. ಓದುವ ಮಗನಿರುವ ತೋಟದ ಮನೆ ಎಲ್ಲ ಕಡೆಯೂ ಇದೆ. ಹೆಚ್ಚಿನವು ಎಂಟು ಹತ್ತು ವರ್ಷ ದುಡಿದವು.

ಈ ಪ್ರಶ್ನೆಗೆ ಅವಸರ ತಂದುಕೊಟ್ಟದ್ದು ಒಂದು ದಿನಾಂಕ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. 2015ರ ಜುಲೈನಲ್ಲಿ ಬಂದಿದ್ದ ಈ ವ್ಯವಸ್ಥೆ ಹತ್ತು ವರ್ಷ ಬಾಳಿತು. ಬೆಂಬಲ ನಿಂತಿತೆಂದರೆ ಕಂಪ್ಯೂಟರ್ ಮಾರನೆಯ ದಿನ ಆನ್ ಆಗುವುದಿಲ್ಲ ಎಂದಲ್ಲ. ಎಂದಿನಂತೆ ಆನ್ ಆಗುತ್ತದೆ, ಎಂದಿನಂತೆ ಪ್ರಿಂಟ್ ಕೊಡುತ್ತದೆ. ಆದರೆ ಅಂದಿನಿಂದ ಅದರಲ್ಲಿ ಪತ್ತೆಯಾಗುವ ಭದ್ರತೆಯ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ಆ ಬಿರುಕುಗಳನ್ನು ಹುಡುಕಿ ಒಳನುಗ್ಗುವವರು ಮಾತ್ರ ಇದ್ದೇ ಇರುತ್ತಾರೆ.

ಇಂಥ ದಿನಾಂಕಗಳು ಹಿಂದೆಯೂ ಬಂದು ಹೋಗಿವೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14. ಆಗೆಲ್ಲ ಬಹಳಷ್ಟು ಯಂತ್ರಗಳಿಗೆ ಹೊಸ ವಿಂಡೋಸ್ ಹಾಕಿಕೊಂಡು ಮುಂದುವರಿಯಬಹುದಿತ್ತು. ಈ ಸಲ ದಾರಿ ಕಿರಿದಾಗಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಸೆಕ್ಯೂರ್ ಬೂಟ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದ್ದೋ ಅದಕ್ಕೂ ಹೊಸದೋ ಆಗಿರಬೇಕು. ಎಂಟನೆಯ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರ ಉತ್ತರಾರ್ಧದಲ್ಲಿ. ಅದಕ್ಕೆ ಮುಂಚೆ ಕೊಂಡವರ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿರಲಿ, ಅಧಿಕೃತವಾಗಿ ಹೊರಗೆ. 2016ರಲ್ಲಿ ಒಳ್ಳೆಯ ದುಡ್ಡು ಕೊಟ್ಟು ತಂದ, ಇವತ್ತಿಗೂ ಒಂದು ಸ್ಕ್ರೂ ಸಡಿಲವಾಗದ ಐ5 ಯಂತ್ರವನ್ನು ಹೀಗೆ ಬಾಗಿಲಾಚೆ ನಿಲ್ಲಿಸಿದ್ದು ನನ್ನ ಪ್ರಕಾರ ದೊಡ್ಡ ದುಂದು. ದುಡಿಯಬಲ್ಲ ಕೋಟ್ಯಂತರ ಯಂತ್ರಗಳ ಮೇಲೆ ಒಂದೇ ಏಟಿಗೆ ಹಳೆಯದು ಎಂಬ ಮುದ್ರೆ ಬಿತ್ತು.

ಆದ್ದರಿಂದ ಕಂಪ್ಯೂಟರಿನ ವಯಸ್ಸನ್ನು ಕೇಳಿ ತೀರ್ಮಾನ ಹೇಳುವವರ ಮಾತನ್ನು ಪಕ್ಕಕ್ಕಿಡಿ. ಕೇಳಿಕೊಳ್ಳಬೇಕಾದದ್ದು ಎರಡೇ. ಅದರೊಳಗೆ ನಿಧಾನವಾಗಿರುವ ಭಾಗ ಯಾವುದು? ಅದರ ಮೂಲಕ ಯಾರ ದುಡ್ಡು, ಯಾರ ದಾಖಲೆ ಹಾದುಹೋಗುತ್ತದೆ? ಮೊದಲನೆಯದಕ್ಕೆ ಉತ್ತರ ಸಿಕ್ಕರೆ ರಿಪೇರಿಯ ಖರ್ಚು ತಿಳಿಯುತ್ತದೆ. ಎರಡನೆಯದಕ್ಕೆ ಉತ್ತರ ಸಿಕ್ಕರೆ ಆ ರಿಪೇರಿ ಮಾಡಿಸುವುದು ಸರಿಯೋ ತಪ್ಪೋ ಎಂಬುದು ತಿಳಿಯುತ್ತದೆ.

ಕೂತಿರುವ ಭಾಗ ಯಾವುದು?

ಅಜ್ಜಂಪುರದ ಅಮೃತಮಹಲ್ ಕಾವಲಿನ ಹೋರಿಗಳನ್ನು ಕಂಡವರಿಗೆ ಹೊಸದಾಗಿ ಹೇಳಬೇಕಿಲ್ಲ: ನೊಗಕ್ಕೆ ಎಂಥ ಓಟದ ಹೋರಿ ಕಟ್ಟಿದರೂ ಜೊತೆಯದು ಕುಂಟುತ್ತಿದ್ದರೆ ಗಾಡಿ ಕುಂಟುವುದರ ವೇಗದಲ್ಲೇ ಸಾಗುತ್ತದೆ. ಹತ್ತು ವರ್ಷದ ಕಂಪ್ಯೂಟರಿನಲ್ಲಿ ಹಾಗೆ ಕುಂಟುತ್ತಿರುವುದು ಬಹುತೇಕ ಯಾವಾಗಲೂ ಪ್ರೊಸೆಸರ್ ಅಲ್ಲ, ಹಾರ್ಡ್ ಡಿಸ್ಕ್.

ಇದನ್ನು ಮನೆಯಲ್ಲೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ, ಕಂಪ್ಯೂಟರ್ 'ಕೂತಿರುವ' ಹೊತ್ತಿನಲ್ಲಿ ಯಾವುದು ನೂರು ಶೇಕಡಾ ಮುಟ್ಟಿದೆ ನೋಡಿ. ಡಿಸ್ಕ್ ನೂರರಲ್ಲಿದ್ದು ಸಿಪಿಯು ಹತ್ತು ಹದಿನೈದರಲ್ಲಿದ್ದರೆ ರೋಗ ಪತ್ತೆಯಾಯಿತು. ಮೆಮೊರಿ ಸದಾ ತೊಂಬತ್ತರ ಮೇಲಿದ್ದರೆ ರ‍್ಯಾಮ್ ಸಾಲದು. ಸಿಪಿಯು ಒಂದೇ ಸಮನೆ ನೂರರಲ್ಲಿ ಕುದಿಯುತ್ತಿದ್ದರೆ ಮಾತ್ರ, ವೈರಸ್ಸು ಗಿರಸ್ಸು ಇಲ್ಲವೆಂದು ಖಚಿತವಾದ ಮೇಲೆ, ಹೊಸ ಯಂತ್ರದ ಯೋಚನೆ ಮಾಡಬೇಕು.

ಹಾರ್ಡ್ ಡಿಸ್ಕ್ ಯಾಕೆ ಸೋಲುತ್ತದೆ? ಅದರೊಳಗೆ ನಿಜವಾಗಿಯೂ ತಿರುಗುವ ತಟ್ಟೆಗಳಿವೆ. ಸಾಮಾನ್ಯ ಡೆಸ್ಕ್‌ಟಾಪಿನ ತಟ್ಟೆ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಇರುವ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿಯೂ ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿ ಹತ್ತು ಹನ್ನೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಚಿಕ್ಕ ಕಡತಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಷ್ಟೇ ಸಲ ಓದಬಲ್ಲದು. ವಿಂಡೋಸ್ ಏಳುವಾಗ ತೆರೆಯುವುದು ಅಂಥ ಸಾವಿರಾರು ಕಡತಗಳನ್ನು. ಹಾರ್ಡ್ ಡಿಸ್ಕಿನ ಬದಲು ಹಾಕಿಸಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ. ಅಲ್ಲಿರುವುದು ಬರೀ ಚಿಪ್ಪುಗಳು. ಅಗ್ಗದ ಸಾಟಾ ಎಸ್‌ಎಸ್‌ಡಿ ಕೂಡ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಹಾಗಾಗಿಯೇ ಚಹಾ ಕುಡಿದು ಬರುವಷ್ಟು ಕಾಯಿಸುತ್ತಿದ್ದ ಹಳೆಯ ಯಂತ್ರ ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದೊಳಗೆ ಏಳುತ್ತದೆ. ಇನ್ನಾವ ರಿಪೇರಿಯೂ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಬದಲಾವಣೆ ತಂದುಕೊಡುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅವುಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ವಿಂಡೋಸ್ 32 ಬಿಟ್‌ನದ್ದಾಗಿದ್ದರೆ 4 ಜಿಬಿಗಿಂತ ಹೆಚ್ಚು ಹಾಕಿಯೂ ಪ್ರಯೋಜನವಿಲ್ಲ, ಅದು ಬಳಸಿಕೊಳ್ಳಲಾರದು. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದಿಟ್ಟು ಕೆಲಸ ಮಾಡುವವರಿಗೆ ಈಗ 8 ಜಿಬಿ ಬೇಕೇ ಬೇಕು. ಅದಕ್ಕಿಂತ ಹೆಚ್ಚು ಮನೆ ಬಳಕೆಗೆ ಅಗತ್ಯವಿಲ್ಲ.

ಇಷ್ಟಕ್ಕೂ ಮೊದಲು ನೋಡಬೇಕಾದ ಎರಡು ಸಣ್ಣ ಸಂಗತಿಗಳಿವೆ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಗಡಿಯಾರ ಹತ್ತಾರು ವರ್ಷ ಹಿಂದಿನ ದಿನಾಂಕಕ್ಕೆ ಹೋಗಿ ನಿಲ್ಲುತ್ತಿದ್ದರೆ ಸರ್ಕಾರಿ ಪೋರ್ಟಲ್ಲು, ಬ್ಯಾಂಕಿನ ತಾಣ ಯಾವುದೂ ತೆರೆಯುವುದಿಲ್ಲ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ಆ ಅವಧಿಯ ಹೊರಗಿನ ದಿನಾಂಕ ತೋರಿಸುವ ಕಂಪ್ಯೂಟರನ್ನು ಬ್ರೌಸರ್ ತಡೆಯುತ್ತದೆ. ಇದಕ್ಕೆ ಕಾರಣ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ ನಾಣ್ಯದಾಕಾರದ ಸೆಲ್ಲು ಮುಗಿದಿರುವುದು. ಹತ್ತಾರು ರೂಪಾಯಿಯ ಆ ಸೆಲ್ಲಿನ ದೆಸೆಯಿಂದ 'ಇದು ಹೋಯಿತು' ಎನ್ನಿಸಿಕೊಂಡು ಅಟ್ಟ ಸೇರಿದ ಯಂತ್ರಗಳಿವೆ. ಇನ್ನೊಂದು ಧೂಳು. ಈರುಳ್ಳಿ ಹಸನು ಮಾಡುವ ಕಾಲದಲ್ಲಿ ಶಿವನಿ, ಅಜ್ಜಂಪುರದ ಕಡೆ ಗಾಳಿಯಲ್ಲಿ ಹಾರುವ ಸಿಪ್ಪೆ ಮತ್ತು ಮಣ್ಣಿನ ಪುಡಿ ಪ್ರೊಸೆಸರಿನ ಮೇಲಿನ ಫ್ಯಾನಿಗೆ ಹೊದಿಕೆಯಂತೆ ಕೂರುತ್ತದೆ. ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಒಮ್ಮೆ ಬಿಚ್ಚಿ, ಬ್ಲೋಯರ್ ಹಿಡಿದು, ಥರ್ಮಲ್ ಪೇಸ್ಟ್ ಬದಲಿಸಿದರೆ ಅರ್ಧ ದೂರು ಅಲ್ಲಿಗೇ ತೀರುತ್ತದೆ.

ಕರೆಂಟಿನ ಲೆಕ್ಕ

ಬೆಂಗಳೂರಿನಲ್ಲಿ ಕೂತು ಬರೆದ ಸಲಹೆಗಳಲ್ಲಿ ಕರೆಂಟಿನ ಮಾತು ಬರುವುದೇ ಇಲ್ಲ. ಇಲ್ಲಿ ಅದನ್ನು ಬಿಟ್ಟು ತೀರ್ಮಾನವೇ ಇಲ್ಲ. ಮೆಸ್ಕಾಂ ವ್ಯಾಪ್ತಿಯ ಈ ಹಳ್ಳಿಗಳಲ್ಲಿ ತ್ರೀ ಫೇಸ್ ಬಂದ ಹೊತ್ತಿಗೆ ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ, ಅವು ನಿಂತಾಗ ಜಿಗಿಯುತ್ತದೆ. ಡೆಸ್ಕ್‌ಟಾಪಿಗೆ ಕರೆಂಟು ಪೂರೈಸುವ ಎಸ್‌ಎಂಪಿಎಸ್ ಈ ಏರಿಳಿತವನ್ನು ವರ್ಷಗಟ್ಟಲೆ ತಾಳಿಕೊಂಡು ಕೊನೆಗೊಂದು ದಿನ ಸೋಲುತ್ತದೆ. ಅದೊಂದೇ ಹೋದರೆ ಬದಲಿಸುವುದು ಸುಲಭ, ಅಗ್ಗ. ಕಷ್ಟ ಬರುವುದು ಅಶ್ವಿನಿ, ಭರಣಿ ಮಳೆಗಳ ಸಿಡಿಲಿನಿಂದ. ಸಿಡಿಲಿನ ಹೊಡೆತ ಕರೆಂಟಿನ ವೈರಿನಲ್ಲೇ ಬರಬೇಕೆಂದಿಲ್ಲ, ಇಂಟರ್ನೆಟ್ಟಿನ ತಾಮ್ರದ ಕೇಬಲ್ಲಿನಲ್ಲೂ ಬಂದು ಮದರ್‌ಬೋರ್ಡನ್ನು ಸುಟ್ಟುಬಿಡುತ್ತದೆ.

ಹಳೆಯ ಯಂತ್ರದ ಮದರ್‌ಬೋರ್ಡ್ ಸುಟ್ಟಿತೆಂದರೆ ಅಲ್ಲಿಗೆ ನಿಲ್ಲಿಸಿ. ಇದನ್ನು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಎರಡನೆಯ, ಮೂರನೆಯ ತಲೆಮಾರಿನ ಪ್ರೊಸೆಸರಿಗೆ ಹೊಂದುವ ಎಚ್61 ಬೋರ್ಡುಗಳು ಇವತ್ತಿಗೂ ಮಾರಾಟಕ್ಕಿವೆ, ನಿಜ. ಆದರೆ ಆ ದುಡ್ಡು ಹಾಕಿದ ಮೇಲೂ ನಿಮ್ಮ ಕೈಯಲ್ಲಿರುವುದು ವಿಂಡೋಸ್ 11 ಒಲ್ಲೆ ಎನ್ನುವ ಯಂತ್ರವೇ.

ಕರೆಂಟಿನ ಲೆಕ್ಕದಲ್ಲಿ ಹೊಸ ಖರೀದಿಯ ಪರವಾಗಿಯೂ ಒಂದು ಗಟ್ಟಿ ಮಾತಿದೆ. ಸಾಮಾನ್ಯ 600 ವಿಎ ಯುಪಿಎಸ್ ಹಳೆಯ ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಎತ್ತಿ ಹಿಡಿದರೆ ಹೆಚ್ಚು. ಅದೂ ಬ್ಯಾಟರಿ ಹೊಸದಿದ್ದಾಗ. ಅದೇ ಒಂದು ಲ್ಯಾಪ್‌ಟಾಪ್ ತನ್ನದೇ ಬ್ಯಾಟರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಆನ್‌ಲೈನ್ ಪರೀಕ್ಷೆ ಬರೆಯುವ, ಮನೆಯಿಂದಲೇ ಕಂಪನಿ ಕೆಲಸ ಮಾಡುವ ಮಗನೋ ಮಗಳೋ ಇರುವ ಮನೆಗೆ ಎಸ್‌ಎಸ್‌ಡಿಗಿಂತ ಲ್ಯಾಪ್‌ಟಾಪೇ ಸರಿಯಾದ ಉತ್ತರವಾಗಬಹುದು.

ಊರಿನ ದಾಖಲೆ ಹಾಯುವ ಯಂತ್ರ

ಈಗ ಎರಡನೆಯ ಪ್ರಶ್ನೆ. ಮನೆಯ ಕಂಪ್ಯೂಟರಿನಲ್ಲಿ ತೋಟದ ಲೆಕ್ಕ, ಮಕ್ಕಳ ಪಾಠ, ಮದುವೆಯ ಫೋಟೋ ಇರುತ್ತವೆ. ಸೇವಾ ಕೇಂದ್ರದ, ಗ್ರಾಮ ಒನ್ ಕೇಂದ್ರದ ಕಂಪ್ಯೂಟರಿನಲ್ಲಿ ಇರುವುದು ಊರಿಗೆ ಊರೇ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಕೊಟ್ಟ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಬೆಳೆ ವಿಮೆಗೆ ಕೊಟ್ಟ ಪಹಣಿ, ಪಿಂಚಣಿಗೆ ಒತ್ತಿದ ಅಜ್ಜಿಯ ಹೆಬ್ಬೆಟ್ಟು ಎಲ್ಲವೂ ಆ ಒಂದು ಯಂತ್ರದ ಮೂಲಕ ಹಾಯುತ್ತವೆ. ಅದಕ್ಕೆ ಬೀಗವಿಲ್ಲದ ಬಾಗಿಲು ಸಲ್ಲದು. ಕಡತಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳನುಗ್ಗಿದರೆ ನಷ್ಟ ಅಂಗಡಿಯವರದ್ದಷ್ಟೇ ಆಗಿರುವುದಿಲ್ಲ.

ಆದ್ದರಿಂದ ಇಂಥ ಕಡೆ ಬೆಂಬಲ ನಿಂತ ವಿಂಡೋಸ್ ಇಟ್ಟುಕೊಂಡು, ಬರೀ ಎಸ್‌ಎಸ್‌ಡಿ ಹಾಕಿ, 'ಸ್ಪೀಡ್ ಬಂತಲ್ಲ' ಎಂದು ಕೂರುವುದನ್ನು ನಾನು ಒಪ್ಪುವುದಿಲ್ಲ. ಸ್ವಲ್ಪ ಸಮಯ ಬೇಕೆನ್ನುವವರಿಗೆ ಮೈಕ್ರೋಸಾಫ್ಟ್ ವೈಯಕ್ತಿಕ ಬಳಕೆದಾರರಿಗೆಂದು ಕೊಟ್ಟಿರುವ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆಯೂ, ಬೇಡವೆಂದರೆ 30 ಡಾಲರ್ ಕಟ್ಟಿಯೂ ಸೇರಬಹುದು. ಅದರ ಗಡುವು 2026ರ ಅಕ್ಟೋಬರ್ 13. ಮನೆಯ ಯಂತ್ರಕ್ಕೆ ಇದು ಉಸಿರಾಡಲು ಸಿಕ್ಕ ಒಂದು ವರ್ಷ. ಸೇವಾ ಕೇಂದ್ರದವರು ಮಾತ್ರ ಈ ವರ್ಷವನ್ನು ಹೊಸ ಯಂತ್ರಕ್ಕೆ ದುಡ್ಡು ಕೂಡಿಡಲು ಬಳಸಿಕೊಳ್ಳಬೇಕು.

ಸೇವಾ ಕೇಂದ್ರದ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಬಿಡಿ ಎನ್ನುವ ಉತ್ಸಾಹಿಗಳಿದ್ದಾರೆ. ಲಿನಕ್ಸ್ ಬಗ್ಗೆ ನನಗೆ ಬಹಳ ಪ್ರೀತಿಯಿದ್ದರೂ ಇಲ್ಲಿ ಆ ಸಲಹೆ ಕೊಡಲಾರೆ. ಹೆಬ್ಬೆಟ್ಟು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವುಗಳ ತಂತ್ರಾಂಶ ವಿಂಡೋಸ್‌ ಅನ್ನೇ ಕಣ್ಣಮುಂದಿಟ್ಟುಕೊಂಡು ಮಾಡಿದ್ದು. ಕರ್ನಾಟಕದ ಅರ್ಧ ಝೆರಾಕ್ಸ್ ಅಂಗಡಿಗಳನ್ನು ನಡೆಸುತ್ತಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸಿನಲ್ಲಿ ಎಬ್ಬಿಸುವುದೇ ಒಂದು ಹರಸಾಹಸ. ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಆ ಸಾಹಸ ಯಾರಿಗೂ ಬೇಡ. ಅಡಿಕೆ ಮಂಡಿಯಲ್ಲಿ ಮೂರು ಪ್ರತಿಯ ಬಿಲ್ಲು ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿದ್ದರೆ ಇನ್ನೊಂದನ್ನೂ ನೋಡಿಕೊಳ್ಳಬೇಕು. ಹಳೆಯ ಪ್ಯಾರಲಲ್ ಪೋರ್ಟ್ ಹೊಸ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿಗೆ ಬದಲಿಸುವ ಕೇಬಲ್ ನಿಮ್ಮ ಬಿಲ್ಲಿಂಗ್ ತಂತ್ರಾಂಶಕ್ಕೆ ಒಗ್ಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಹಾಕಿಸಿ ನೋಡಿ.

ನುಡಿ, ಪೇಜ್‌ಮೇಕರ್ ಮತ್ತು ಇಪ್ಪತ್ತು ವರ್ಷದ ಕಡತಗಳು

ಬೇರೆ ಭಾಷೆಯವರಿಗಿಲ್ಲದ ಒಂದು ತೊಡಕು ನಮ್ಮ ಡಿಟಿಪಿ ಅಂಗಡಿಗಳಿಗಿದೆ ಎಂದರೆ ಉತ್ಪ್ರೇಕ್ಷೆಯಾದೀತು, ಭಾರತೀಯ ಭಾಷೆಗಳಿಗೆಲ್ಲ ಇದೆ. ಆದರೆ ಕನ್ನಡದವರು ಇದನ್ನು ಚೆನ್ನಾಗಿ ಅನುಭವಿಸಿದ್ದಾರೆ. ಕಡೂರು, ಬೀರೂರು, ತರೀಕೆರೆ ಯಾವ ಪೇಟೆಗೇ ಹೋಗಿ, ಲಗ್ನಪತ್ರಿಕೆ ಮಾಡುವ ಅಂಗಡಿಯ ಮೂಲೆಯಲ್ಲಿ ವಿಂಡೋಸ್ 7, ಕೆಲವೊಮ್ಮೆ ಎಕ್ಸ್‌ಪಿ ಕೂಡ ನಡೆಯುತ್ತಿರುತ್ತದೆ. ಅದು ಸೋಮಾರಿತನವಲ್ಲ. ಅಲ್ಲಿರುವುದು ಪೇಜ್‌ಮೇಕರ್ 7.0. ಅಡೋಬಿ ಅದನ್ನು ಹೊರತಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಯೂನಿಕೋಡ್ ಎಂದರೆ ಅದಕ್ಕೆ ಗೊತ್ತಿಲ್ಲ. ಅದರಲ್ಲಿ ಕನ್ನಡ ಕೂರಿಸಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಶ್ರೀಲಿಪಿ ಇಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳಲ್ಲಿ ಇಂಗ್ಲಿಷಿನ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಜೋಡಿಸಿರುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಆಮಂತ್ರಣ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತದೆ.

ಇಂಥ ಅಂಗಡಿಯವರಿಗೆ 'ಹೊಸದು ತಗೊಳ್ಳಿ' ಎಂದರೆ ಇಪ್ಪತ್ತು ವರ್ಷದ ಕೆಲಸವನ್ನು ಬಿಟ್ಟುಬಿಡಿ ಎಂದಂತೆ. ಊರಿನ ಜಾತ್ರೆಯ ಕರಪತ್ರ, ದೇವಸ್ಥಾನದ ರಸೀದಿ ಪುಸ್ತಕ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಎಲ್ಲವೂ ಆ ಕಡತಗಳಲ್ಲಿವೆ. ಅವರಿಗೆ ಸರಿಯಾದ ದಾರಿ ಎರಡು ಯಂತ್ರ ಇಟ್ಟುಕೊಳ್ಳುವುದು. ಹಳೆಯದರ ಇಂಟರ್ನೆಟ್ ಕೇಬಲ್ ಕಿತ್ತು ಪಕ್ಕಕ್ಕಿಡಿ. ನೆಟ್ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ನಿಂತರೂ ಅಪಾಯ ಬಹಳ ಕಡಿಮೆ. ಅದಕ್ಕೊಂದು ಎಸ್‌ಎಸ್‌ಡಿ ಹಾಕಿಸಿ, ಹಳೆಯ ಡಿಸ್ಕಿನ ಪೂರ್ತಿ ನಕಲನ್ನು ಹಾಗೇ ಅದಕ್ಕೆ ಇಳಿಸಿಕೊಂಡರೆ ಪೇಜ್‌ಮೇಕರ್, ಫಾಂಟು, ಅದರ ಸೆಟ್ಟಿಂಗ್ ಎಲ್ಲವೂ ಇದ್ದಂತೆಯೇ ಇರುತ್ತವೆ. ಪೆನ್‌ಡ್ರೈವ್ ಒಂದೇ ದ್ವಾರ, ಅದನ್ನು ಹೊಸ ಯಂತ್ರದಲ್ಲಿ ಸ್ಕ್ಯಾನ್ ಮಾಡಿಯೇ ಹಾಕಬೇಕು. ಇಮೇಲ್, ವಾಟ್ಸ್ಆ್ಯಪ್, ಜಿಎಸ್‌ಟಿ ಏನಿದ್ದರೂ ಹೊಸ ಯಂತ್ರದಲ್ಲಿ. ಹೊಸ ಕೆಲಸಗಳನ್ನು ಯೂನಿಕೋಡ್‌ನಲ್ಲೇ ಶುರುಮಾಡಿ. ಹಳೆಯ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಬದಲಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು. ಬೆರಳಿಗೆ ಒಗ್ಗಿದ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸವನ್ನು ಬಿಡಬೇಕಿಲ್ಲ, ಯೂನಿಕೋಡ್‌ನಲ್ಲೂ ಅದೇ ವಿನ್ಯಾಸದಲ್ಲಿ ಟೈಪಿಸಬಹುದು.

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಏನಾಯಿತು

ಮನೆಯ ಯಂತ್ರಕ್ಕೆ, ಶಾಲೆಯ ಯಂತ್ರಕ್ಕೆ ಲಿನಕ್ಸ್ ಬೇರೆಯೇ ಮಾತು. ಇದಕ್ಕೆ ಕನ್ನಡಿಗರ ನಡುವೆಯೇ ದೊಡ್ಡ ಉದಾಹರಣೆಯಿದೆ. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಮುಂದೆ ಶಾಲೆಗಳನ್ನು ಸ್ವತಂತ್ರ ತಂತ್ರಾಂಶದ ಹಾದಿಗೆ ತಂದಿತು. ಆ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರದ ಮೇಲೆ ತಾನೇ ರೂಪಿಸಿದ ಲಿನಕ್ಸನ್ನು ಕೈಟ್ ಶಾಲೆಗಳಿಗೆ ಕೊಡುತ್ತದೆ. 22.04 ಆವೃತ್ತಿ ಬಂದದ್ದು 2024ರಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಅವರಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಪರವಾನಗಿಗೆ ದುಡ್ಡು ಕೊಡದೆ ರಾಜ್ಯಕ್ಕೆ ಸುಮಾರು 3,000 ಕೋಟಿ ರೂಪಾಯಿ ಉಳಿಯಿತೆಂದು ಕೈಟ್ ಹೇಳಿಕೊಂಡಿದೆ. ನನಗೆ ಆ ಮೊತ್ತಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು: ಯಾವ ಕಂಪನಿ ಯಾವತ್ತು ಬೆಂಬಲ ನಿಲ್ಲಿಸುತ್ತದೆ ಎಂದು ಕಾಯುತ್ತ ಕೂರುವ ಗತಿ ಆ ಶಾಲೆಗಳಿಗೆ ಬರಲಿಲ್ಲ.

ಶಿವನಿಯ ಮನೆಯಲ್ಲಿರುವ ನಾಲ್ಕನೆಯದೋ ಆರನೆಯದೋ ತಲೆಮಾರಿನ ಐ3 ಯಂತ್ರಕ್ಕೂ ಈ ದಾರಿ ತೆರೆದಿದೆ. ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಯಂತ್ರಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಬ್ರೌಸರ್, ಲಿಬ್ರೆ ಆಫೀಸ್, ಯೂಟ್ಯೂಬ್ ಪಾಠ, ಕನ್ನಡ ಟೈಪಿಂಗ್ ಎಲ್ಲವೂ ನಡೆಯುತ್ತವೆ. ಕಂಪ್ಯೂಟರಿಗೆ ಏನನ್ನೂ ಇಳಿಸದೆ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಹಿಡಿಸದಿದ್ದರೆ ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದರಾಯಿತು. ನಿಯಮಗಳನ್ನು ದಾಟಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅದು ನಡೆಯುತ್ತದೆ, ಆದರೆ ಮುಂದಿನ ಅಪ್‌ಡೇಟುಗಳಿಗೆ ಮೈಕ್ರೋಸಾಫ್ಟಿನ ಭರವಸೆಯಿಲ್ಲ. ಕೋರ್ 2 ಡ್ಯುವೋ ಕಾಲದ ಯಂತ್ರಗಳಲ್ಲಂತೂ 2024ರ ಆವೃತ್ತಿಯಿಂದೀಚೆಗೆ ಅದು ಏಳುವುದೇ ಇಲ್ಲ, ಆ ಪ್ರೊಸೆಸರಿಗೆ ಬೇಕಾದ ಸೂಚನೆಗಳೇ ಗೊತ್ತಿಲ್ಲ.

ಪೇಟೆಗೆ ಹೊರಡುವ ಮುನ್ನ

ಬೀರೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡಿಗೆ, ಹೋಗುವವರು ಒಂದು ಲೆಕ್ಕ ಮಾಡಿಕೊಂಡು ಹೊರಡಿ. ರಿಪೇರಿಯ ಖರ್ಚನ್ನು ಹೊಸ ಕಂಪ್ಯೂಟರಿನ ಬೆಲೆಗೆ ಹೋಲಿಸಬೇಡಿ. ಹಾಗೆ ಹೋಲಿಸಿದರೆ ಯಾವಾಗಲೂ ರಿಪೇರಿಯೇ ಅಗ್ಗ. ಕಂಪನಿಗಳು ಬಳಸಿ ಬಿಟ್ಟ, ಎಂಟನೆಯ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆದ ರೀಫರ್ಬಿಶ್ಡ್ ಡೆಸ್ಕ್‌ಟಾಪಿನ ಬೆಲೆಗೆ ಹೋಲಿಸಿ. ಹಳೆಯದಕ್ಕೆ ಹಾಕಬೇಕಾದ ಮೊತ್ತ ಅದರ ಮೂರನೆಯ ಒಂದು ಭಾಗ ದಾಟಿದರೆ ನಾನಾದರೆ ಹಳೆಯದನ್ನು ಬಿಡುತ್ತೇನೆ. ಪ್ರೊಸೆಸರಿನ ಸಂಖ್ಯೆ ಓದುವುದು ಸುಲಭ: ಐ5 ಎಂದಾದ ಮೇಲೆ ಬರುವ ಅಂಕಿ 4570 ಆದರೆ ನಾಲ್ಕನೆಯ ತಲೆಮಾರು, 8500 ಆದರೆ ಎಂಟನೆಯದು. ಮಾರುವವರ ಎದುರೇ ಆನ್ ಮಾಡಿಸಿ, ವಿಂಡೋಸ್ ಕೀಲಿಯ ಜೊತೆ 'ಆರ್' ಒತ್ತಿ ಟಿಪಿಎಂ.ಎಂಎಸ್‌ಸಿ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. 2.0 ಎಂದು ತೋರಿಸಬೇಕು. ಬಿಲ್ಲು ಮತ್ತು ಬರೆದುಕೊಟ್ಟ ವಾರಂಟಿ ಇಲ್ಲದೆ ಹೊರಡಬೇಡಿ.

ಹೊಸದನ್ನೇ ಕೊಳ್ಳುವವರು ತೀರಾ ಅಗ್ಗದ ಲ್ಯಾಪ್‌ಟಾಪಿನ ಮುಂದೆ ಎಚ್ಚರವಾಗಿರಿ. 4 ಜಿಬಿ ರ‍್ಯಾಮ್, ಇಎಂಎಂಸಿ ಸಂಗ್ರಹ, ಸೆಲೆರಾನ್ ಪ್ರೊಸೆಸರ್ ಎಂದು ಬರೆದಿದ್ದರೆ ಅದು ಡಬ್ಬಿಯಲ್ಲಿ ಹೊಸದು, ಕೆಲಸದಲ್ಲಿ ಎಂಟು ವರ್ಷದ ಐ5ಕ್ಕಿಂತ ಹಿಂದೆ. ರ‍್ಯಾಮನ್ನೂ ಸಂಗ್ರಹವನ್ನೂ ಬೋರ್ಡಿಗೇ ಬೆಸೆದಿರುವುದರಿಂದ ನಾಳೆ ಬದಲಿಸುವಂತೆಯೂ ಇಲ್ಲ.

ಬೆಲೆಯ ಗಾಳಿ ಕೂಡ ತಿರುಗಿದೆ. ಎಐ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಯಿಂದ ರ‍್ಯಾಮ್ ದುಬಾರಿಯಾಯಿತು, ಹಿಂದೆಯೇ ಎಸ್‌ಎಸ್‌ಡಿಯೂ ಏರಿತು. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದಕ್ಕೇ ಈಗ ಖರ್ಚು ಮಾಡುವಾಗ ನಾನು ಕೊಡುವ ಸಲಹೆ ಇಷ್ಟು: ಮುಂದಿನ ಯಂತ್ರಕ್ಕೂ ಜೊತೆಗೆ ಬರುವ ಭಾಗಕ್ಕೆ ದುಡ್ಡು ಹಾಕಿ. ಎಸ್‌ಎಸ್‌ಡಿ ಬರುತ್ತದೆ, ಮಾನಿಟರ್ ಬರುತ್ತದೆ, ಒಳ್ಳೆಯ ಯುಪಿಎಸ್ ಬರುತ್ತದೆ. ಡಿಡಿಆರ್3 ರ‍್ಯಾಮ್ ಹಳೆಯ ಬೋರ್ಡಿನ ಜೊತೆಯೇ ಮಣ್ಣಾಗುತ್ತದೆ, ಅದು ಬೇಕೇ ಬೇಕಾದರೆ ಸೆಕೆಂಡ್ ಹ್ಯಾಂಡ್ ತನ್ನಿ.

ಹೊಸದು ಬಂದ ಮೇಲೆ ಹಳೆಯದನ್ನು ಗುಜರಿಗೆ ಹಾಕುವ ಅವಸರ ಬೇಡ. ಲ್ಯಾಪ್‌ಟಾಪೊಂದು ತನ್ನ ಬಾಳಿನಲ್ಲಿ ವಾತಾವರಣಕ್ಕೆ ಸೇರಿಸುವ ಇಂಗಾಲದ ಬಹುಪಾಲು ಅದನ್ನು ತಯಾರಿಸುವಾಗಲೇ ಸೇರಿಬಿಟ್ಟಿರುತ್ತದೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ಹಾದಿ ಹಿಡಿದದ್ದು ಶೇ 22.3 ಮಾತ್ರ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವಾಗ ಹಳೆಯದನ್ನು ಅದೇ ಕಂಪನಿಯ ಮಳಿಗೆಯಲ್ಲಿ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಸೈಕಲ್ಲಿನಲ್ಲಿ ಬರುವ ಗುಜರಿಯವರಿಗೆ ಕೊಟ್ಟರೆ ಒಳಗಿನ ತಾಮ್ರಕ್ಕಾಗಿ ವೈರುಗಳನ್ನು ಎಲ್ಲೋ ಬಯಲಿನಲ್ಲಿ ಸುಡುತ್ತಾರೆ, ಆ ಹೊಗೆ ಕುಡಿಯುವವರೂ ಅವರ ಮಕ್ಕಳೇ.

ಕೊಡುವ ಮುನ್ನ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ತೆಗೆದುಕೊಳ್ಳಿ. ಡಿಲೀಟ್ ಮಾಡಿದ್ದು, ಬರೀ ಕ್ವಿಕ್ ಫಾರ್ಮ್ಯಾಟ್ ಮಾಡಿದ್ದು ಎರಡೂ ಸಾಮಾನ್ಯ ತಂತ್ರಾಂಶದಿಂದಲೇ ಮರಳಿ ಸಿಗುತ್ತವೆ. ಡಿಸ್ಕ್ ಆರೋಗ್ಯವಾಗಿದ್ದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಕವಚದಲ್ಲಿ ಕೂರಿಸಿಕೊಳ್ಳಿ. ವಾರಕ್ಕೊಮ್ಮೆ ಸಿಕ್ಕಿಸಿ, ತೋಟದ ಲೆಕ್ಕ, ಫೋಟೋ, ಪಹಣಿಯ ಪ್ರತಿಗಳನ್ನು ನಕಲು ಮಾಡಿ, ತೆಗೆದು ಬೀರುವಿನಲ್ಲಿಡಿ. ಸಿಡಿಲಿಗೂ ರ‍್ಯಾನ್ಸಮ್‌ವೇರಿಗೂ ಎಟುಕದ ಪ್ರತಿ ಅದೊಂದೇ. ಡಿಸ್ಕ್ ಕೆಟ್ಟಿದ್ದರೆ, ಅದರಲ್ಲೂ ಊರಿನವರ ಆಧಾರ್ ಪ್ರತಿಗಳಿದ್ದ ಸೇವಾ ಕೇಂದ್ರದ ಡಿಸ್ಕಾಗಿದ್ದರೆ, ತಟ್ಟೆಗಳ ಮೂಲಕ ಹಾಯುವಂತೆ ಡ್ರಿಲ್ಲಿನಿಂದ ಮೂರು ನಾಲ್ಕು ಕಡೆ ತೂತು ಹೊಡೆದು, ಆಮೇಲೆ ಕೊಡಿ.